ಡಬ್ಬಿ ವಾಪಸ್ ಕೊಡಬೇಕು

ಮೂರನೇ ಅಧ್ಯಾಯದ ಕರಡನ್ನು ನನ್ನ ಮಾರ್ಗದರ್ಶಕರು ತಿರುಗಿ ಕೊಟ್ಟಾಗ ಅಂಚಿನಲ್ಲಿ ಒಂದೇ ಸಾಲು ಇತ್ತು: ‘ಈ ಕಲ್ಲನ್ನು ನೀವು ನೋಡಿದ್ದೀರಾ?’ ನೋಡಿರಲಿಲ್ಲ. ಶಿಕಾರಿಪುರ ತಾಲ್ಲೂಕಿನ ತುರುಗೋಳ್ ವೀರಗಲ್ಲುಗಳ ಬಗ್ಗೆ 70 ಪುಟ ಬರೆದಿದ್ದೆ. ಅಷ್ಟನ್ನೂ ಲೈಬ್ರರಿಯಲ್ಲಿ ಕೂತು, ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟವನ್ನು ಮುಂದಿಟ್ಟುಕೊಂಡೇ ಬರೆದದ್ದು.

ಮೈಸೂರಿನಿಂದ ಬಸ್ಸಿಗೆ ಅದು ಒಂದು ಹಗಲಿನ ದಾರಿ. ಸೈಕಲ್ಲಿನಲ್ಲಿ ಹೊರಟದ್ದು ದುಡ್ಡು ಉಳಿಸಲು ಅಂತ ಹಾಸ್ಟೆಲಿನ ಗೆಳೆಯರಿಗೆ ಹೇಳಿದೆ. ಫೆಲೋಶಿಪ್ ಬಂದು ನಾಲ್ಕು ತಿಂಗಳಾಗಿತ್ತು, ಹಾಗಾಗಿ ಅವರು ನಂಬಿದರು. ದಾರಿಯ ಟೀ, ಊಟ, ಟ್ಯೂಬು ಲೆಕ್ಕ ಹಾಕಿದರೆ ಬಸ್ಸೇ ಅಗ್ಗ. ನಿಜ ಏನೆಂದರೆ ಪಿಎಚ್‌ಡಿ ಬಿಟ್ಟುಬಿಡಬೇಕು ಅನ್ನಿಸುತ್ತಿತ್ತು, ಆ ನಿರ್ಧಾರವನ್ನು ಒಂದು ವಾರ ಮುಂದೂಡಲು ಏನಾದರೂ ನೆಪ ಬೇಕಿತ್ತು.

ಜನವರಿ ಮೊದಲ ವಾರ. ಮೊದಲ ದಿನ ಚನ್ನರಾಯಪಟ್ಟಣ, ತೊಡೆ ನೋವು, ಲಾಡ್ಜು. ಹೇಳಿಕೊಳ್ಳುವಂಥದ್ದೇನೂ ಇಲ್ಲ. ಎರಡನೇ ದಿನ ಅರಸೀಕೆರೆ ದಾಟಿ ಕಡೂರಿನ ಕಡೆಗೆ ಹೋಗುವಾಗ ಹೆದ್ದಾರಿಯ ಲಾರಿಗಳಿಗೆ ಹೆದರಿ ಒಳರಸ್ತೆ ಹಿಡಿದೆ. ಅದು ಸುಗ್ಗಿ ಕಾಲ. ರಸ್ತೆಯೇ ಕಣ. ರಾಗಿ, ಹುರುಳಿ ಎಲ್ಲವನ್ನೂ ಡಾಂಬರಿನ ಮೇಲೆ ಹರಡಿ, ಹೋಗಿಬರುವ ಗಾಡಿಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಹುರುಳಿಯ ಮೇಲೆ ಸೈಕಲ್ ಬಿಡಬಾರದು ಅಂತ ನನಗೆ ಯಾರೂ ಹೇಳಿರಲಿಲ್ಲ. ಬಳ್ಳಿ ಹಿಂದಿನ ಚಕ್ರದ ಹಲ್ಲಿಗೆ ಸುತ್ತಿಕೊಂಡು, ಗೇರು ಬಾಗಿ, ಚೈನು ಕಿತ್ತು, ನಾನು ಆ ಹುರುಳಿಯ ಮೇಲೇ ಬಿದ್ದೆ. ಮೊಣಕೈ ತರಚಿತು. ಹುರುಳಿ ಮೆತ್ತಗಿತ್ತು.

ಹುರುಳಿಯ ಒಡೆಯ ಮೊರ ಹಿಡಿದು ಓಡಿ ಬಂದ. ಬೈಯುತ್ತಾನೆ ಅಂದುಕೊಂಡೆ. ‘ಅಯ್ಯೋ, ನಮ್ ಹುರುಳಿಯಿಂದ ಹಿಂಗಾಯ್ತಲ್ಲ ಸಾ’ ಅಂತ ಅವನೇ ತಪ್ಪೊಪ್ಪಿಕೊಂಡ. ಕುಡುಗೋಲಿನಿಂದ ಬಳ್ಳಿ ಕೊಯ್ದು ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಸೈಕಲ್ ರಿಪೇರಿಯವನು ಸಿಗುವುದು ಬೆಳಿಗ್ಗೆಯೇ. ರಾತ್ರಿ ಅವರ ಮನೆಯಲ್ಲೇ ಉಳಿದೆ.

ಮನೆಯಲ್ಲಿ ಅವನ ತಾಯಿ ಇದ್ದರು. ಬಿಸಿನೀರು ಕೊಟ್ಟರು, ಮೊಣಕೈಗೆ ಅರಿಸಿನ ಹಚ್ಚಿದರು, ಅವರೆಕಾಳು ಸಾರು, ಮುದ್ದೆ ಬಡಿಸಿದರು. ಎರಡನೇ ಮುದ್ದೆ ಮುರಿಯುವಾಗ ಬಂತು, ಬಂದೇ ಬರುತ್ತದೆ ಅಂತ ನನಗೆ ಗೊತ್ತಿದ್ದ ಪ್ರಶ್ನೆ. ‘ನೀವು ಯಾವ ಪೈಕಿ ಮಗಾ?’

‘ಯೂನಿವರ್ಸಿಟಿಲಿ ಓದ್ತೀನಿ ಅಜ್ಜಿ.’

‘ಅದು ಸರಿ. ಅಪ್ಪನ ಹೆಸರೇನು?’

‘ಮಹದೇವಯ್ಯ.’

ಅಜ್ಜಿಯ ಮುಖ ಅರಳಿತು. ‘ಓ, ನಮ್ಮೋರೇ!’ ಅಂದರು. ನಮ್ಮ ಚಾಮರಾಜನಗರದ ಕಡೆ ಈ ಹೆಸರು ಮಠದ ಬೀದಿಯಲ್ಲೂ ಇದೆ, ನಮ್ಮ ಕೇರಿಯಲ್ಲೂ ಇದೆ. ಮಲೆಯ ಮಾದಪ್ಪ ಎಲ್ಲರಿಗೂ ದೇವರು, ಆ ಹೆಸರಿಗೆ ಕೇರಿಯ ಗುರುತಿಲ್ಲ. ಅದನ್ನು ವಿವರಿಸುವುದು ಕಷ್ಟವೇನಿರಲಿಲ್ಲ. ನಾನು ಬಾಯಿ ತೆರೆದೆ, ಮುದ್ದೆ ಇಟ್ಟುಕೊಂಡೆ.

ಆಮೇಲೆ ಉಪಚಾರ ಇನ್ನೂ ಹೆಚ್ಚಾಯಿತು. ದೇವರಮನೆಯ ಪಕ್ಕದ ಕೋಣೆಯಲ್ಲಿ ಹಾಸಿಗೆ ಹಾಸಿದರು. ಬೆಳಿಗ್ಗೆ ಸ್ನಾನ ಮಾಡಿ ಬಂದವನ ಹಣೆಗೆ ಅಜ್ಜಿಯೇ ವಿಭೂತಿ ಹಚ್ಚಿದರು. ಅವರ ಬೆರಳು ನಡುಗುತ್ತಿತ್ತು, ವಯಸ್ಸಿಗೆ. ನನ್ನ ಹೊಟ್ಟೆಯೊಳಗೂ ಏನೋ ನಡುಗುತ್ತಿತ್ತು.

ಹೊರಡುವಾಗ ಮಗ ಕೇಳಿದ, ‘ಶಾಸನ ಓದೋರು ಅಂತೀರಿ, ಹಲ್ಮಿಡಿ ನೋಡದೆ ಹೋಗ್ತೀರಾ?’ ನನ್ನ ದಾರಿಯಲ್ಲಿ ಹಲ್ಮಿಡಿ ಇರಲಿಲ್ಲ. ಅವನು ಜಾವಗಲ್ ಮೇಲಿನ ದಾರಿಯನ್ನು ನನ್ನ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸಿದ. ಅಜ್ಜಿ ಸ್ಟೀಲ್ ಡಬ್ಬಿಯಲ್ಲಿ ಅವರೆಕಾಳು ಉಪ್ಪಿಟ್ಟು ತುಂಬಿ ಕೊಟ್ಟರು. ‘ಡಬ್ಬಿ ವಾಪಸ್ ಕೊಡಬೇಕು’ ಅಂದರು. ಮತ್ತೆ ಬರಲಿ ಎಂದೇ ಹಾಗೆ ಹೇಳಿದ್ದು.

ಹಲ್ಮಿಡಿಯಲ್ಲಿ ಇರುವುದು ಪ್ರತಿಕೃತಿ. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದ ಮೂಲ ಕಲ್ಲು ಇರುವುದು ಮೈಸೂರಿನಲ್ಲಿ. ಅಂದರೆ ಹಾಸ್ಟೆಲಿನಿಂದ ನಡೆದು ಹೋಗಿ ನೋಡಬಹುದಾದ ಕಲ್ಲಿನ ನಕಲನ್ನು ನೋಡಲು ನಾನು ಇಷ್ಟು ದೂರ ಪೆಡಲ್ ತುಳಿದಿದ್ದೆ. ನಗು ಬಂತು. ಅಲ್ಲೇ ಕೂತು ಉಪ್ಪಿಟ್ಟು ತಿಂದೆ. ಸುಮಾರು ಕ್ರಿ.ಶ. 450ರ ಈ ಶಾಸನವನ್ನು ನಾವು ಕನ್ನಡದ ಮೊದಲ ಶಾಸನಗಳ ಸಾಲಿನಲ್ಲಿಟ್ಟು ಮೆರೆಸುತ್ತೇವೆ. ಅದರೊಳಗಿನ ವಿಷಯ ಒಂದು ದಾನದ ಲೆಕ್ಕ. ಯುದ್ಧದಲ್ಲಿ ಕಾದಿದ ವಿಜ ಅರಸನಿಗೆ ಬಾಳ್ಗಳ್ಚು, ಅಂದರೆ ಕತ್ತಿ ತೊಳೆದ ಗೌರವಕ್ಕೆ, ಪಲ್ಮಿಡಿ ಮತ್ತು ಮೂಳಿವಳ್ಳಿಯನ್ನು ಕೊಟ್ಟದ್ದು. ಕೊಟ್ಟದ್ದನ್ನು ಕಸಿದವರಿಗೆ ಪಾಪ ಎಂಬ ಮಾತೂ ಇದೆ. ಇಂಥ ಶಾಪಾಶಯಗಳನ್ನು ನಾನು ನೂರಾರು ಓದಿದ್ದೇನೆ. ಬೇರೊಬ್ಬರ ಪಾಲಿನದನ್ನು ಸುಮ್ಮನಿದ್ದು ಪಡೆದವರಿಗೆ ಏನಾಗುತ್ತದೆ ಅಂತ ಯಾವುದರಲ್ಲೂ ಇದ್ದಂತೆ ನೆನಪಿಲ್ಲ.

ಚಿಕ್ಕಮಗಳೂರು, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ. ಎರಡು ಪಂಚರ್, ಒಂದು ನಾಯಿ. ಆರನೇ ದಿನ ಸಂಜೆ ಶಿಕಾರಿಪುರ ದಾಟಿ ನನ್ನ ಕಲ್ಲಿರುವ ಊರು ತಲುಪಿದೆ. ಊರಿನ ಹೆಸರು ಪ್ರಬಂಧದಲ್ಲಿದೆ, ಇಲ್ಲಿ ಬೇಡ.

ಅಡಿಕೆ ಸುಲಿಯುವ ದಿನಗಳು. ನಾನು ದಾರಿ ಕೇಳಿದ ಮನೆಯ ಯಜಮಾನ ಸುಲಿಯುವ ಕೆಲಸ ಹೆಂಡತಿಗೆ ಬಿಟ್ಟು ಟಾರ್ಚ್ ಹಿಡಿದು ನನ್ನ ಜೊತೆ ಬಂದ. ಕಲ್ಲು ಅವನ ತೋಟದ ಬದುವಿನಲ್ಲೇ ಇತ್ತು. ಊರವರಿಗೆ ಅದು ಭೂತಪ್ಪ. ಮೇಲಿನ ಪಟ್ಟಿಕೆಯಲ್ಲಿ ಲಿಂಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಕೆಳಗೆ ಕಾಳಗ, ದನಗಳು. ಅಷ್ಟು ನನಗೆ ಊಹೆಯಿಂದಲೇ ಗೊತ್ತಿತ್ತು. ಗೊತ್ತಿಲ್ಲದ್ದು ಕೆಳಗಿನ ಪಟ್ಟಿಕೆಯ ಮೂಲೆಯಲ್ಲಿತ್ತು: ಗೇಣುದ್ದವೂ ಇಲ್ಲದ ಒಬ್ಬ ಸಣ್ಣ ಮನುಷ್ಯ. ಕೈಯಲ್ಲಿ ದುಂಡಗಿನದೇನೋ ಇದೆ. ಅಚ್ಚಾದ ಪಾಠದಲ್ಲಿ ಅವನ ಸುದ್ದಿಯಿಲ್ಲ, ಅಕ್ಷರಗಳಲ್ಲಿ ಅವನಿಗೆ ಹೆಸರಿಲ್ಲ.

‘ಗುರಾಣಿ ಇರಬೇಕು’ ಅಂದೆ.

ಅವನು ಟಾರ್ಚನ್ನು ಓರೆ ಮಾಡಿದ. ‘ಅಲ್ಲ ಸಾರ್, ಇನ್ನೊಂದು ಕೈ ನೋಡಿ. ಕೋಲಿದೆ. ತಮಟೆ ಅದು.’

ನಮ್ಮ ತಾತ ತಮಟೆ ಬಡಿಯುತ್ತಿದ್ದರು. ನಾನು ಆ ಮೂಲೆಯನ್ನು ಬೆರಳಿನಿಂದ ಬಹಳ ಹೊತ್ತು ಮುಟ್ಟಿ ನೋಡಿದೆ. ಗುರಾಣಿಯೋ ತಮಟೆಯೋ, ಸವೆದ ಕಲ್ಲಿನಲ್ಲಿ ಖಾತ್ರಿಯಾಗಿ ಹೇಳಲು ನನಗೆ ಈಗಲೂ ಆಗದು. ಆದರೆ 70 ಪುಟಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಅಡಿಕೆ ರಾಶಿಯ ಪಕ್ಕ ಕೂತಾಗ ಇಲ್ಲೂ ಕೇಳಿದರು, ‘ನಿಮ್ಮದು ಯಾವ ಕಡೆ, ಯಾವ ಜನ?’ ‘ಚಾಮರಾಜನಗರದ ಕಡೆ. ನಾವು ಎಸ್ಸಿ’ ಅಂದೆ, ಬೇಕಿದ್ದಕ್ಕಿಂತ ಜೋರಾಗಿ. ಕತ್ತಿಗಳ ಸದ್ದು ಒಂದು ಗಳಿಗೆ ನಿಂತಂತಾಯಿತು, ಅಥವಾ ನನಗೆ ಹಾಗನ್ನಿಸಿತು. ಆಕೆ ಎದ್ದು ಒಳಗೆ ಹೋಗಿ ಟೀ ತಂದರು. ನಾನು ನನ್ನ ಲೋಟ ನೋಡಿದೆ, ಆಮೇಲೆ ಅವರ ಲೋಟಗಳನ್ನು ನೋಡಿದೆ. ಎಲ್ಲವೂ ಒಂದೇ ಥರದ ಸ್ಟೀಲ್ ಲೋಟ. ನಾನು ನೋಡುತ್ತಿದ್ದುದನ್ನು ಯಜಮಾನ ನೋಡಿದ. ‘ಆರ್ತದೆ, ಕುಡೀರಿ’ ಅಂದ.

ಮಲಗಲು ಜಾಗ ಕೊಟ್ಟದ್ದು ಹೊರಗೆ ಚಪ್ಪರದಲ್ಲಿ, ಅಡಿಕೆ ಮೂಟೆಗಳ ನಡುವೆ. ಮನಸ್ಸು ಕೂಡಲೇ ಲೆಕ್ಕ ಹಾಕತೊಡಗಿತು. ಸ್ವಲ್ಪ ಹೊತ್ತಿಗೆ ಯಜಮಾನ ಕಂಬಳಿ ಹೊದ್ದು ಬಂದು ನನ್ನ ಪಕ್ಕದಲ್ಲೇ ಉರುಳಿಕೊಂಡ. ಅಡಿಕೆ ಕಾಯಲು ದಿನವೂ ಅವನು ಮಲಗುವ ಜಾಗ ಅದೇ. ನನ್ನ ಲೆಕ್ಕ ಅರ್ಧಕ್ಕೇ ನಿಂತಿತು.

ಮರುದಿನ ತಾಳಗುಂದ. ಪ್ರಣವೇಶ್ವರ ಗುಡಿಯ ಮುಂದಿನ ಕಂಬಶಾಸನದಲ್ಲಿ ಓದಲು ಕಾಂಚಿಗೆ ಹೋದ ಮಯೂರಶರ್ಮ ಅವಮಾನಗೊಂಡು ಓದು ಬಿಟ್ಟು ಕತ್ತಿ ಹಿಡಿದ ಕತೆಯಿದೆ. ಓದು ಬಿಟ್ಟು ರಾಜ್ಯ ಕಟ್ಟುವ ಅನುಕೂಲ ನನಗಿಲ್ಲ. ಬಳ್ಳಿಗಾವಿಯ ಮೇಲೆ ಬನವಾಸಿಗೆ ಹೋಗಿ ವರದಾ ನದಿಯಲ್ಲಿ ಕಾಲಿಟ್ಟು ಕೂತಿದ್ದಾಗ ಫೋನ್ ಬಂತು. ಅಜ್ಜಿ. ‘ತಲುಪಿದ್ಯಾ ಮಗಾ? ಕೈ ನೋವು ವಾಸಿಯಾಯ್ತಾ? ಜಾತ್ರೆಗೆ ಅಪ್ಪ ಅಮ್ಮನ್ನ ಕರ್ಕೊಂಡು ಬಾ.’

‘ಅಜ್ಜಿ, ಒಂದು ಮಾತು...’ ಅಂದೆ. ಅವರಿಗೆ ಕೇಳಿಸಲಿಲ್ಲ. ಬನವಾಸಿಯ ದೇವಸ್ಥಾನ ದೊಡ್ಡದಾ ಅಂತ ಕೇಳಿದರು. ದೊಡ್ಡದು ಅಂದೆ.

ಮೂರನೇ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. ಮೂಲೆಯ ಆ ಮನುಷ್ಯನಿಂದ ಶುರು ಮಾಡಿದ್ದೇನೆ, ಮಾರ್ಗದರ್ಶಕರು ಒಪ್ಪುತ್ತಾರೋ ಗೊತ್ತಿಲ್ಲ. ಡಬ್ಬಿ ಮೇಜಿನ ಮೇಲಿದೆ. ಮುಚ್ಚಳದ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಅಕ್ಷರಗಳಿವೆ: ಮದುವೆಯ ತಾರೀಖು, ಕೊಟ್ಟವರ ಹೆಸರು, ಪಡೆದವರ ಹೆಸರು. ಶಿವರಾತ್ರಿಯ ಹೊತ್ತಿಗೆ ಹೋಗಬೇಕು ಅಂದುಕೊಂಡಿದ್ದೇನೆ, ಸೈಕಲ್ಲಿನಲ್ಲೇ. ಅಪ್ಪನಿಗೆ ಇನ್ನೂ ಹೇಳಿಲ್ಲ.