ಇದೇ ಬಣ್ಣದ ಇನ್ನೊಂದು ಉಂಡೆ

ನನ್ನ ನೂಲಿನ ವ್ಯಾಪಾರ ಯಾಕೆ ಮುಚ್ಚಿತೆಂದು ಕೇಳಿದವರಿಗೆಲ್ಲ ಬಹಳ ಕಾಲ 2015ರ ಡಿಸೆಂಬರಿನ ಮಳೆಯ ಕಥೆ ಹೇಳಿಬಿಡುತ್ತಿದ್ದೆ. ಚೆಂಬರಂಬಾಕ್ಕಂ ಕೆರೆಯ ನೀರು ಬಿಟ್ಟರು, ಅಡ್ಯಾರ್ ಹೊಳೆ ಉಕ್ಕಿತು, ಸೈದಾಪೇಟೆಯ ಗೋಡೌನಿನಲ್ಲಿ ಮೂಟೆಗಳೆಲ್ಲ ನೆನೆದು ನಾರಿದವು. ಯಾವುದೂ ಸುಳ್ಳಲ್ಲ. ಆ ವರ್ಷ ಚೆನ್ನೈಯಲ್ಲಿ ಏನನ್ನೂ ಕಳೆದುಕೊಳ್ಳದವರೇ ಕಡಿಮೆ, ಹಾಗಾಗಿ ಯಾರೂ ಎರಡನೇ ಪ್ರಶ್ನೆ ಕೇಳುತ್ತಿರಲಿಲ್ಲ. ಆದರೆ ನೆನೆದದ್ದು ಯಾರೂ ಕೊಳ್ಳದೆ ಉಳಿದಿದ್ದ ಸರಕು. ವ್ಯಾಪಾರ ಆಗಸ್ಟಿನಲ್ಲೇ ನಿಂತಿತ್ತು.

ಮಾಡಹೊರಟಿದ್ದು ಇಷ್ಟೇ: ಉಣ್ಣೆ ಮಿಲ್ಲುಗಳಲ್ಲಿ ಮಿಕ್ಕ ತುಂಡು ನೂಲನ್ನು ಕಿಲೋ ಲೆಕ್ಕದಲ್ಲಿ ಕೊಂಡು, ಬಿಡಿಸಿ, ಬಾಚಿ, ಮತ್ತೆ ನೂಲಿಸಿ, ಕೈಹೆಣಿಗೆಯವರಿಗೆ ಮಾರುವುದು. ಹೊಸ ವಿದ್ಯೆಯೇನಲ್ಲ. ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬಾತ 1813ರಲ್ಲೇ ಹಳೇ ಉಣ್ಣೆ ಬಟ್ಟೆಯನ್ನು ಕಿತ್ತು ಹೊಸ ಉಣ್ಣೆಯೊಂದಿಗೆ ಬೆರೆಸಿ ನೂಲು ತೆಗೆದ. ಅದಕ್ಕೆ ಶಾಡಿ ಎಂದು ಹೆಸರು. ಇವತ್ತು ಆ ಕಸುಬಿನ ದೊಡ್ಡ ಊರು ಹರಿಯಾಣದ ಪಾಣಿಪತ್. ದೇಶದೇಶಗಳ ಹಳೇ ಸ್ವೆಟರು, ಕೋಟುಗಳು ಅಲ್ಲಿಗೆ ಬಂದು ಕಂಬಳಿಯಾಗುತ್ತವೆ. ಕಂಬಳಿ ಆಗುವುದಾದರೆ ಕುಲಾವಿ ಯಾಕಾಗಬಾರದು ಅನ್ನುವುದು ನನ್ನ ವಾದ. ಹೊಸದಾಗಿ ಬಣ್ಣ ಹಾಕುವ ಹಾಗಿಲ್ಲ, ಕಸದ ಬಣ್ಣವೇ ನೂಲಿನ ಬಣ್ಣ ಎಂಬುದು ಜಾಹೀರಾತು.

ನಾನು ಗಿಂಡಿಯ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುವವನು. ಉಣ್ಣೆಯ ನಂಟು ಅಪ್ಪನ ಕಡೆಯದು. ಅವರು ಬೆಂಗಳೂರಿನ ಬಿನ್ನಿ ಮಿಲ್ಲಿನಲ್ಲಿ ಉಣ್ಣೆ ಹಿಂಜುವ ಕಾರ್ಡಿಂಗ್ ಖಾತೆಯಲ್ಲಿದ್ದವರು. 1884ರಲ್ಲಿ ಹುಟ್ಟಿದ ಮಿಲ್ಲು ಅದು. ಅದೇ ಬಿನ್ನಿಯವರ ಬಕಿಂಗ್‌ಹ್ಯಾಮ್ ಅಂಡ್ ಕರ್ನಾಟಿಕ್ ಮಿಲ್ಲು ಇಲ್ಲಿ ಪೆರಂಬೂರಿನಲ್ಲಿ 1996ರವರೆಗೆ ಉಸಿರಾಡಿತು. ನನ್ನ ಯೋಜನೆಯನ್ನೆಲ್ಲ ಕೇಳಿ ಅಪ್ಪ ಪೇಪರು ಮಡಿಸಿಟ್ಟು, "ಒಳ್ಳೇ ವೇಸ್ಟು ಮಿಲ್ಲಿನ ಗೇಟು ದಾಟಲ್ಲ ಕಣೋ" ಅಂದರು. ಹಳಬರ ಹುಳುಕು ಮಾತು ಅಂದುಕೊಂಡೆ.

ಅವರು ಹೇಳಿದ್ದು ತಾಂತ್ರಿಕ ವಿಷಯ. ಕಾರ್ಡಿಂಗ್ ಯಂತ್ರದ ಕೆಳಗೆ ಬೀಳುವ, ಇನ್ನೂ ಹುರಿ ಕಾಣದ ಮೆತ್ತನೆಯ ಎಳೆಯನ್ನು ಮಿಲ್ಲಿನವರು ಅಲ್ಲೇ ಗುಡಿಸಿಕೊಂಡು ಮುಂದಿನ ಮಿಶ್ರಣಕ್ಕೆ ಸೇರಿಸುತ್ತಾರೆ. ಬಾಚುವಾಗ ಬೇರೆಯಾಗುವ ಗಿಡ್ಡ ಎಳೆಗೂ ಅದರದೇ ಗಿರಾಕಿಗಳಿದ್ದಾರೆ. (ಹೀಗೆ ಹುಟ್ಟಿದ ಕೆಲಸಕ್ಕೇ ಮರಳುವ ಮಾಲನ್ನು ಮರುಬಳಕೆಯೆಂದು ಹೇಳಿಕೊಳ್ಳುವಂತಿಲ್ಲ ಎಂದು ಐಎಸ್‌ಒ 14021ರಲ್ಲೂ ಇದೆ. ಅಪ್ಪ ಅದನ್ನು ಓದಿದವರಲ್ಲ.) ನನ್ನಂಥವನ ಕೈಗೆ ಸಿಗುವುದು ಬಿಗಿಯಾಗಿ ಹುರಿಗೊಂಡ ನೂಲಿನ ತುಂಡು. ಅದನ್ನು ಮುಳ್ಳಿನ ಉರುಳೆಗೆ ಕೊಟ್ಟು ಕೀಳಿಸಬೇಕು. ಕೀಳುವಾಗ ಎಳೆ ಹರಿಯುತ್ತದೆ, ಬೆರಳುದ್ದ ಇದ್ದದ್ದು ಉಗುರುದ್ದಕ್ಕೆ ಬರುತ್ತದೆ. ಅಷ್ಟು ಗಿಡ್ಡ ಎಳೆಗಳು ಒಂದನ್ನೊಂದು ಹಿಡಿದು ನಿಲ್ಲಬೇಕಾದರೆ ಹುರಿ ಹೆಚ್ಚು ಕೊಡಬೇಕು, ಹುರಿ ಹೆಚ್ಚಿದಷ್ಟೂ ನೂಲು ಬಿರುಸು. ಕಂಬಳಿಗೆ ನಡೆಯುತ್ತದೆ. ಮಗುವಿನ ತಲೆಗೆ ಚುಚ್ಚುತ್ತದೆ.

ಖರ್ಚು ಉಳಿಸಲೆಂದು ಮೊದಲ ನೂಲನ್ನು ಒಂಟಿ ಎಳೆಯಲ್ಲೇ ಬಿಟ್ಟಿದ್ದೆ. ನನ್ನ ಹೆಂಡತಿ ಅದರಲ್ಲಿ ಅಂಗೈಯಗಲದ ಚೌಕವೊಂದನ್ನು ಹೆಣೆದು ಮೇಜಿನ ಮೇಲಿಟ್ಟಳು. ಚೌಕ ಒಂದು ಕಡೆಗೆ ವಾಲಿತ್ತು. ಇಸ್ತ್ರಿ ಹಾಕಿದರೆ ನೆಟ್ಟಗಾಯಿತು, ಒಗೆದು ಒಣಗಿಸಿದರೆ ಮತ್ತೆ ವಾಲಿತು. ಒಂಟಿ ಎಳೆಯ ಹುರಿ ಬಿಚ್ಚಿಕೊಳ್ಳಲು ಎಳೆದಾಡುತ್ತಲೇ ಇರುತ್ತದೆ. ಎರಡು ಎಳೆ ಸೇರಿಸಿ ನೂತ ದಿಕ್ಕಿಗೆ ವಿರುದ್ಧವಾಗಿ ಹೊಸೆದರೆ ಆ ಎಳೆದಾಟ ತಣಿಯುತ್ತದೆ. ಹಾಗೆ ಮಾಡಿಸಿದೆ, ಸರಿಹೋಯಿತು, ದರವೂ ಏರಿತು. ಮುಂದಿನ ಮೂಟೆಯಲ್ಲಿ ಮೇಲೆ ಉಣ್ಣೆ, ನಡುವೆ ಅಕ್ರಿಲಿಕ್. ಬೆಂಕಿಗೆ ಹಿಡಿದರೆ ಉಣ್ಣೆ ಕೂದಲು ಸುಟ್ಟ ವಾಸನೆ ಬೀರಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಂದು ಕಡ್ಡಿ ಗೀರಿದ್ದರೆ ಸಾಕಿತ್ತು. ಗೀರಿದ್ದು ದುಡ್ಡು ಕೊಟ್ಟ ಮೇಲೆ. ಇವೆಲ್ಲ ಕಲಿಯುವ ತಪ್ಪುಗಳು, ಇವುಗಳಿಂದ ಯಾರೂ ಮುಳುಗುವುದಿಲ್ಲ.

"ಚೆನ್ನೈಯಲ್ಲಿ ಉಣ್ಣೆಯೇ?" ಎಂದು ನಕ್ಕವರೂ ಇದ್ದರು. ಅವರ ಮಾತೂ ಪೂರ್ತಿ ನಿಜವಲ್ಲ. ಈ ಊರಲ್ಲಿ ಹೆಣೆಯುವ ಕೈಗಳಿಗೆ ಬರವಿಲ್ಲ. ಪ್ರವಾಹ ಇಳಿದ ಮೇಲೆ, 2016ರ ಜನವರಿಯಲ್ಲಿ, ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್ ಬಳಗದವರು ಇಲ್ಲೇ 11,000 ಚದರ ಮೀಟರಿಗೂ ದೊಡ್ಡ ಕ್ರೋಶಾ ಹೊದಿಕೆ ಮಾಡಿ ಗಿನ್ನೆಸ್ ದಾಖಲೆಗೆ ಸೇರಿದರು. ಹೆಣೆಯುವವರಿಗೆ ಉಣ್ಣೆ ಬೇಡದಿದ್ದರೂ ನ್ಯೂಜೆರ್ಸಿಯ ಮೊಮ್ಮಗನಿಗೆ ಸ್ವೆಟರ್ ಬೇಕಲ್ಲ. ನನ್ನ ಗಿರಾಕಿಗಳು ಅಂಥವರೇ ಆಗಿದ್ದರು.

ತಿರುವಲ್ಲಿಕೇಣಿಯ ಕನ್ನಡದ ಅಜ್ಜಿಯೊಬ್ಬರು ಅಂಥ ಸ್ವೆಟರಿಗೆ ನೀಲಿ ನೂಲು ಒಯ್ದಿದ್ದರು. ಕೆಲವು ವಾರ ಬಿಟ್ಟು ಬಂದು ಚೀಲದಿಂದ ಹೆಣಿಗೆ ತೆಗೆದರು. ಬೆನ್ನು, ಎದೆ, ಒಂದು ತೋಳು ಮುಗಿದಿತ್ತು. ಎರಡನೇ ತೋಳು ಮೊಣಕೈಯ ಹತ್ತಿರ ಕಡ್ಡಿಯಲ್ಲೇ ನಿಂತಿತ್ತು. "ಇದೇ ಬಣ್ಣದ ಇನ್ನೊಂದು ಉಂಡೆ ಕೊಡಪ್ಪ, ಮುಗಿಸಿಬಿಡ್ತೀನಿ." ಇದ್ದ ನೀಲಿಗಳನ್ನೆಲ್ಲ ತಂದು ಪಕ್ಕ ಪಕ್ಕ ಇಟ್ಟೆ. ಒಂದರಲ್ಲಿ ಹಸಿರಿನ ಛಾಯೆ, ಇನ್ನೊಂದರಲ್ಲಿ ಬೂದಿ. ಅವರು ಪ್ರತಿಯೊಂದನ್ನೂ ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಹಾಗಾದರೆ ಮೊದಲೇ ಹೇಳಬೇಕಿತ್ತಲ್ಲಪ್ಪ, ಎರಡು ಹೆಚ್ಚಿಗೆ ಒಯ್ದಿರ್ತಿದ್ದೆ" ಅಂದರು. ಬೈಯಲಿಲ್ಲ. ಮತ್ತೆ ಬರಲೂ ಇಲ್ಲ.

ಬಂದವರೆಲ್ಲ ಬೇರೆ ಬೇರೆ ಬಣ್ಣ ಹಿಡಿದು ಅದೇ ಮಾತು ಕೇಳತೊಡಗಿದರು. ಬಣ್ಣ ಹಾಕದ ನೂಲಿನ ಬಣ್ಣವೆಂದರೆ ಯಾವ ನೀಲಿ ಎಷ್ಟು, ಯಾವ ಬಿಳಿ ಎಷ್ಟು ಬೆರೆಸಿದೆವೆಂಬ ತೂಕ. ಆ ತೂಕ ಬರೆದಿಟ್ಟಿದ್ದರೆ ಅದೇ ಅಲ್ಲದಿದ್ದರೂ ಅದರ ಹತ್ತಿರದ್ದನ್ನು ಮತ್ತೆ ಮಾಡಬಹುದು. ನಾನು ಬರೆದಿಟ್ಟಿರಲಿಲ್ಲ. ಲಾರಿ ಬಾಡಿಗೆ, ನೂಲಿಸಿದ ಕೂಲಿ, ಚಹಾದ ಖರ್ಚು ಕೂಡ ಪೈಸೆ ಬಿಡದೆ ಪುಸ್ತಕದಲ್ಲಿದೆ. ಬಣ್ಣ ಎನ್ನುವ ಕಾಲಮ್ಮೇ ಇಲ್ಲ. ಕಸಕ್ಕೇನು ಲೆಕ್ಕ ಅನ್ನುವ ಧೋರಣೆ ಒಳಗೆ ಎಲ್ಲೋ ಇತ್ತು, ಹೊರಗೆ ಅದರ ಬಗ್ಗೆ ಭಾಷಣ ಮಾಡುತ್ತಿದ್ದರೂ.

ಆಮೇಲೆ ಯಾವುದೋ ಕೆಲಸಕ್ಕೆ ತಿರುಪ್ಪೂರಿಗೆ ಹೋದಾಗ ಬನಿಯನ್ ಕಾರ್ಖಾನೆಗಳ ಕತ್ತರಿಕೆಯ ಚೂರು ವಿಂಗಡಿಸುವ ಶೆಡ್ಡೊಂದನ್ನು ನೋಡಿದೆ. ಅಲ್ಲಿ ಹತ್ತಿ. ಬಣ್ಣ ಬಣ್ಣ ಬೇರೆ ಮಾಡಿ, ಕಿತ್ತು, ಸುತ್ತಲಿನ ಓಪನ್ ಎಂಡ್ ಮಿಲ್ಲುಗಳಲ್ಲಿ ಮತ್ತೆ ನೂಲುತ್ತಾರೆ. ಆ ಸೀಮೆಯ ದೇವಾಂಗರ ಮನೆಗಳಲ್ಲಿ ಈಗಲೂ ಕನ್ನಡದ ಮಾತಿದೆ. ರಾಶಿಯ ಮುಂದೆ ಕೂತಿದ್ದ ಹೆಂಗಸೊಬ್ಬರು ನನ್ನ ಜೊತೆ ಆ ಕನ್ನಡದಲ್ಲೇ ಮಾತಾಡಿದರು. ಕಪ್ಪು ಮತ್ತು ಕಡುನೀಲಿಯನ್ನು ಹೇಗೆ ಬೇರೆ ಮಾಡುತ್ತೀರಿ ಎಂದೆ. "ಅವೆರಡನ್ನೂ ಬೆಳಿಗ್ಗೆನೇ ಮುಗಿಸಿಬಿಡ್ತೀವಣ್ಣ. ಟ್ಯೂಬ್‌ಲೈಟ್ ಹಾಕಿದ ಮೇಲೆ ಮುಟ್ಟಲ್ಲ." ನನ್ನ ವಿಂಗಡಣೆಯೆಲ್ಲ ಆಫೀಸು ಮುಗಿಸಿ ಬಂದ ಮೇಲೆ, ರಾತ್ರಿ, ಸೈದಾಪೇಟೆಯ ಟ್ಯೂಬ್‌ಲೈಟಿನಡಿಯೇ ನಡೆದದ್ದು. ಅವರಿಗೆ ಅದನ್ನು ಹೇಳಿದಾಗ ಜೋರಾಗಿ ನಕ್ಕು, ಪಕ್ಕದಲ್ಲಿದ್ದವಳಿಗೂ ತಮಿಳಿನಲ್ಲಿ ಹೇಳಿ ನಗಿಸಿದರು.