ಖಂಡವೆಂಬ ಮಾತು

ಕೆಲವು ವರ್ಷಗಳ ಕೆಳಗೆ ಭೂಗೋಳದ ಪರೀಕ್ಷೆಯಲ್ಲಿ ನಾವು, "ಖಂಡಗಳು ಎಷ್ಟು?" ಎಂದು ಕೇಳಿದ್ದೆವು. ಒಬ್ಬ ಬಾಲಿಕೆಯು ಯೂರೋಪು ಏಷ್ಯಗಳನ್ನು ಒಂದಾಗಿ ಎಣಿಸಿ, ಆರೆಂದು ಬರೆದಿದ್ದಳು. ನಾವು ಅದನ್ನು ಕೆಂಪು ಮಸಿಯಿಂದ ಹೊಡೆದುಹಾಕಿದೆವು. "ಅಮ್ಮಾ, ಅವೆರಡರ ನಡುವೆ ಸಮುದ್ರವಿಲ್ಲವಲ್ಲಾ?" ಎಂದವಳನ್ನು, "ಪುಸ್ತಕದಲ್ಲಿರುವಂತೆ ಬರೆ" ಎಂದು ಗದರಿಸಿದೆವು.

ಆದರೆ ಆ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಖಂಡವೆಂದರೆ ತುಂಡು. ಆಂಗ್ಲರ 'ಕಾಂಟಿನೆಂಟ್' ಎಂಬುದಾದರೋ ಎಡೆಬಿಡದೆ ಕೂಡಿರುವ ನೆಲವೆಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಒಂದೇ ವಸ್ತುವನ್ನು ನಮ್ಮ ಮಾತು ಕಡಿದುದೆಂದೂ ಅವರ ಮಾತು ಕೂಡಿದುದೆಂದೂ ಕರೆಯಿತು.

ಯೂರೋಪು ಏಷ್ಯಗಳ ಎಲ್ಲೆಯೆಂದು ನಾವು ಕಲಿಸುವ ಉರಲ್ ಪರ್ವತಶ್ರೇಣಿಯ ಸಂಗತಿಯನ್ನು ನೋಡಿರಿ. ಸುಮಾರು 30 ಕೋಟಿ ವರ್ಷಗಳ ಹಿಂದೆ, ಬೇರೆ ಬೇರೆಯಾಗಿದ್ದ ನೆಲಗಳು ಒಂದನ್ನೊಂದು ಒತ್ತಿ ಕೂಡಿಕೊಂಡಾಗ ಎದ್ದು ನಿಂತ ಬೆಟ್ಟಗಳವು. ಮನುಷ್ಯರು ಎಲ್ಲಿ ಬೇರ್ಪಡಿಸುವ ಗೆರೆಯನ್ನೆಳೆದರೋ ಅಲ್ಲಿಯೇ ಭೂಮಿಯು ಬೆಸುಗೆ ಹಾಕಿತ್ತು! ರಷ್ಯಾದೇಶದ ಶಾಲೆಗಳಲ್ಲಿ ಇವೆರಡನ್ನೂ ಕೂಡಿಸಿ 'ಯೂರೇಷ್ಯ'ವೆಂಬ ಒಂದೇ ಮಹಾಭೂಭಾಗವೆಂದು ಕಲಿಸುತ್ತಾರೆ. ಅಲ್ಲಿ ಎಣಿಕೆಯು ಆರೇ. ಏಳೆಂಬುದು ನಮ್ಮ ಪುಸ್ತಕಗಳ ರೂಢಿಯೇ ಹೊರತು ಸೃಷ್ಟಿಯ ಲೆಕ್ಕವಲ್ಲ.

ಆ ಬಾಲಿಕೆಯು ಇಂದು ಎಲ್ಲಿರುವಳೋ ಅರಿಯೆವು. ಅವಳಿಂದ ಕಳೆದ ಅಂಕವನ್ನು ಈ ಪುಟದಲ್ಲಿ ಹಿಂದಿರುಗಿಸುತ್ತಿದ್ದೇವೆ. ತಿದ್ದುವುದಕ್ಕೆ ಮುಂಚೆ ಕಿವಿಗೊಡುವ ತಾಳ್ಮೆಯನ್ನು ದೇವರು ಉಪಾಧ್ಯಾಯಿನಿಯರಾದ ನಮಗೂ, ಕೇಳುವ ಧೈರ್ಯವನ್ನು ನಮ್ಮ ಹೆಣ್ಣುಮಕ್ಕಳಿಗೂ ದಯಪಾಲಿಸಲಿ.