ಸಮುದ್ರ ನಮ್ಮೂರಿಗೂ ಬರ್ತದೇನು?

ಮೊನ್ನೆ ಭಾನುವಾರ ಊರಿಗೆ ವಿಡಿಯೊ ಕಾಲ್ ಮಾಡಿದ್ದೆ. ಅಣ್ಣನ ಮಗಳು ಫೋನ್ ಕಸಿದುಕೊಂಡು ಕೇಳಿದಳು: “ಕಾಕಾ, ಬರ್ಫ ಎಲ್ಲಾ ಕರಗಿದ್ರ ಸಮುದ್ರ ನಮ್ಮ ಮುದ್ದೇಬಿಹಾಳಕ್ಕೂ ಬರ್ತದೇನು?” ಯಾವುದೋ ರೀಲ್ಸ್‌ನಲ್ಲಿ ನೋಡಿದ್ದಳಂತೆ.

ನಕ್ಕುಬಿಟ್ಟೆ. ಬೆಂಗಳೂರಿನ ಎಂಜಿನಿಯರ್ ಕಾಕಾ ಅಲ್ಲವೇ, ಲೆಕ್ಕ ಒಪ್ಪಿಸಿದೆ. ಭೂಮಿಯ ಹಿಮವೆಲ್ಲ ಕರಗಿದರೂ ಸಮುದ್ರ ಏರುವುದು ಸುಮಾರು 65ರಿಂದ 70 ಮೀಟರ್. ಅದಕ್ಕೂ ಎಷ್ಟೋ ತಲೆಮಾರು ಬೇಕು. ನಮ್ಮೂರು ಇರುವುದು 500 ಮೀಟರಿಗೂ ಎತ್ತರದಲ್ಲಿ. ಚಿಂತೆ ಮಾಡಬೇಕಾದವರು ಮಂಗಳೂರು, ಉಳ್ಳಾಲದವರು. “ನೀ ಆರಾಮ ಮಲಕೋ” ಎಂದೆ.

ಹಿಂದೆ ಕೂತು ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆ ಎತ್ತದೆ ಹೇಳಿದಳು: “ಸಮುದ್ರ ಬರೂದಿಲ್ಲ, ಖರೆ. ಹಂಗಾರ ನನ್ನ ತವರಮನಿ ಎಲ್ಲೈತಿ, ಹೇಳು ನೋಡೂಣು?”

ನನ್ನ ನಗು ನಿಂತಿತು.

ಅವ್ವನ ತವರೂರು ಕೃಷ್ಣೆಯ ದಂಡೆಯಲ್ಲಿ, ಆಗಿನ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲು ಇಟ್ಟಾಗ ಅವ್ವ ಇನ್ನೂ ಹುಟ್ಟಿರಲಿಲ್ಲ. ಹಿನ್ನೀರು ಹೊಲ, ಮನೆ, ಹಣಮಪ್ಪನ ಗುಡಿಯನ್ನು ಮುಚ್ಚಿದಾಗ ನಾನು ಕನ್ನಡ ಸಾಲೆಯ ಹುಡುಗ. ಈಗ ಅಲ್ಲಿ 519.6 ಮೀಟರಿನವರೆಗೆ ನೀರು ನಿಲ್ಲುತ್ತದೆ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ನಡುವೆ ಬರೀ ನಾಲ್ಕೂವರೆ ಮೀಟರ್ ಚಿಲ್ಲರೆ. ಆದರೆ ನಮ್ಮದು ಸಪಾಟು ನೆಲ. ನೀರು ಒಂದು ಮೀಟರ್ ಏರಿದರೆ ಎಷ್ಟು ದೂರ ಹರಡುತ್ತದೆ ಎಂಬುದು ಎರಿ ಹೊಲ ಕಳಕೊಂಡವರಿಗೇ ಗೊತ್ತು. ಈ ಅಂಕಿಗಳನ್ನೆಲ್ಲ ಅಳೆಯುವುದೂ ಸಮುದ್ರ ಮಟ್ಟದಿಂದಲೇ!

ಆ ನೀರಿನಿಂದಲೇ ನಮ್ಮ ಬರದ ನಾಡಿನ ಎಷ್ಟೋ ಹೊಲ ಹಸಿರಾಗಿವೆ. ಅದನ್ನು ಅವ್ವನೂ ಅಲ್ಲಗಳೆಯುವುದಿಲ್ಲ. “ಮಂದಿಗೆ ನೀರು ಸಿಕ್ತು, ಛಲೋ ಆತು. ನಮ್ಮನ್ನ ಮರೀಬಾರದಿತ್ತು” ಅನ್ನುತ್ತಾಳೆ, ಅಷ್ಟೇ.

ರಾತ್ರಿ ಮಲಗಿದಾಗ ಇನ್ನೊಂದು ನೆನಪಾಯಿತು. 2020ರ ಅಕ್ಟೋಬರ್. ಬಂಗಾಳ ಕೊಲ್ಲಿಯಲ್ಲಿ ಎದ್ದ ವಾಯುಭಾರ ಕುಸಿತ ಆಂಧ್ರ, ತೆಲಂಗಾಣ ದಾಟಿ ನಮ್ಮ ತಲೆಯ ಮೇಲೇ ಹಾದುಹೋಯಿತು. ಮಹಾರಾಷ್ಟ್ರದಲ್ಲೂ ಸುರಿದ ಮಳೆಗೆ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ಹಳ್ಳಿಗಳಿಗೆ ನುಗ್ಗಿದಳು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿಯುವಾಗ ಅಷ್ಟೂ ಜೋರಾಗಿ ಸುರಿಯುತ್ತದೆ. ಅಂದರೆ ಸಮುದ್ರ ನಮ್ಮ ಜಿಲ್ಲೆಗೆ ಆಗಲೇ ಬಂದು ಹೋಗಿದೆ, ಮೋಡದ ರೂಪದಲ್ಲಿ.

ಮರುದಿನ ಮತ್ತೆ ಫೋನ್ ಮಾಡಿ ಹುಡುಗಿಗೆ ಉತ್ತರ ತಿದ್ದಿ ಹೇಳಿದೆ: “ಸಮುದ್ರ ಗುಡ್ಡ ಹತ್ತಿ ಬರೂದಿಲ್ಲ ಪುಟ್ಟಿ. ಆದ್ರ ಅದರ ನೀರು ಮಳಿ ಆಗಿ ಬರ್ತದ, ಹೊಳಿ ಆಗಿ ಬರ್ತದ. ಎಲ್ಲಿ ನಿಲ್ಲಿಸಬೇಕು ಅನ್ನೂದನ್ನ ಮನಷ್ಯಾರು ಕುಂತು ಬರೀತಾರ. ಆ ನಂಬರು ಓದೂದು ಕಲಿ.”

“ಹಂಗಾರ ಆಯಿ ಊರು ಎಷ್ಟು ಮೀಟರಿನ್ಯಾಗ ಇತ್ತು?”

ನನಗೆ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಆದರೆ ಯಾರ ಮನೆ ಪಕ್ಕ ಯಾರ ಮನೆ, ಬಾವಿ ಎಲ್ಲಿ, ಬೇವಿನ ಗಿಡ ಎಲ್ಲಿ ಎಂದು ಒಂದೊಂದಾಗಿ ಹೇಳತೊಡಗಿದಳು. ಹುಡುಗಿ ನೋಟ್‌ಬುಕ್ ತಂದು ನಕ್ಷೆ ಬಿಡಿಸಲು ಕೂತಳು.